ನುಸಿಗೂ ಒಂದು ಹಾಡು

ಜನವರಿ ೯

ಕೂಸೇ,

ಅರವತ್ತು ದಾಟಿದವಳನ್ನು ಕೂಸೇ ಎಂದು ಕರೆಯಬೇಡ ಎಂದು ಹೋದ ವರ್ಷ ನೀನು ಬರೆದಿದ್ದೆ. ನೀನು ಎಷ್ಟು ದಾಟಿದರೂ ನಾನು ನಿನಗಿಂತ ಆರು ವರ್ಷ ಮುಂದೆಯೇ ಇರುತ್ತೇನೆ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಐದು ನಿಮಿಷ ಮಾತಾಡಿದರೆ ಆರನೇ ನಿಮಿಷಕ್ಕೆ ಜಗಳ ಶುರುವಾಗುತ್ತದೆ. ಕಾಗದದಲ್ಲಾದರೆ ಜಗಳವಾಡುವುದಕ್ಕೂ ಅಂಚೆಯವನಿಗೆ ಕಾಯಬೇಕು.

ವಿಷಯಕ್ಕೆ ಬರುತ್ತೇನೆ. ನನ್ನ ‘ಗರಿಗರಿ ಮಾವ’ ಸಿನಿಮಾ ಆಗುತ್ತಿದೆ. ಹನ್ನೆರಡೂ ಪುಸ್ತಕ ಸೇರಿ ಒಂದೇ ಸಿನಿಮಾ, ಅದೂ ಹಾಡುಗಳ ಸಿನಿಮಾ. ಮಾತಿಗಿಂತ ಹಾಡೇ ಜಾಸ್ತಿಯಂತೆ. ನಿರ್ದೇಶಕಿ ಮೊನ್ನೆ ಮನೆಗೇ ಬಂದಿದ್ದಳು. ದುಂಡು ಕನ್ನಡಕದ ಹುಡುಗಿ, ಮೂವತ್ತೈದು ಕೂಡ ಇರಲಿಕ್ಕಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ನನ್ನ ಕಥೆಯನ್ನು ನನಗೇ ಹೇಳಿದಳು.

“ಇಸ್ತ್ರಿ ಅಂಗಡಿ ಇಟ್ಟಿರೋ ಒಂದು ಕತ್ತೆ ಅಮ್ಮ. ಒಂದೊಂದು ಪುಸ್ತಕದಲ್ಲೂ ಯಾರದೋ ಬಟ್ಟೆ ಜೇಬಲ್ಲಿ ಏನೋ ಸಿಗತ್ತೆ. ಅದನ್ನ ವಾಪಸ್ ಕೊಡೋಕೆ ಹೋಗಿ ಮಾವ ಪೇಚಿಗೆ ಸಿಕ್ಕಿಕೊಳ್ತಾನೆ. ಅಷ್ಟರಲ್ಲಿ ಆ ಹಾಳು ನುಸಿ ಅಂಗಡಿಗೆ ನುಗ್ಗಿ ಬಟ್ಟೆ ತಿನ್ನತ್ತೆ. ಕೊನೇ ಪುಟದಲ್ಲಿ ಬ್ರಷ್ ಏಟು!” ಎಂದು ಕೈ ಬೀಸಿ ತೋರಿಸಿದಳು. ನಿನ್ನ ಭಾವನ ಕಾಫಿ ಲೋಟ ಸ್ವಲ್ಪದರಲ್ಲಿ ಉಳಿಯಿತು.

ಅಪ್ಪನ ಲಾಂಡ್ರಿಯಲ್ಲಿ ಹನ್ನೊಂದನೇ ವಯಸ್ಸಿಗೆ ಇಸ್ತ್ರಿ ಹಿಡಿದವಳ ಕಥೆ ಇನ್ನು ಪರದೆಯ ಮೇಲೆ. ಅಪ್ಪ ಇರಬೇಕಿತ್ತು, ಅಲ್ಲವೇ?

ನಿನ್ನನ್ನೂ ಮರೆತಿಲ್ಲ. “ನನ್ನ ತಂಗಿ ನಿಮ್ಮ ಊರಲ್ಲೇ ಇದಾಳೆ, ಶಾಲೇಲಿ ಹಾಡು ಹೇಳಿಕೊಡ್ತಿದ್ದಳು, ಈಗ ನಿವೃತ್ತಿ. ಪಾಪ, ಸುಮ್ನೆ ಕೂತಿರ್ತಾಳೆ. ಮಕ್ಕಳ ಗುಂಪಿಗೆ ಶ್ರುತಿ ಹಿಡಿಸೋದೋ ಏನೋ ಇದ್ರೆ ಕೊಡಿ” ಎಂದೆ. ಅವಳು ವಿಳಾಸ ಬರೆದುಕೊಂಡಳು. ಹೋಗು, ಸಂಕೋಚ ಪಡಬೇಡ. ನನ್ನ ಹೆಸರು ಹೇಳು, ಸಾಕು.

ನಿನ್ನ ಅಕ್ಕ


ಜನವರಿ ೨೭

ಅಕ್ಕಾ,

ನಿನ್ನ ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ. ಸಿನಿಮಾದವರ ಸ್ಟುಡಿಯೋ ಬಾಗಿಲು ತೆಗೆದರೆ ಎದುರಿಗೆ ನೀನೇ. ಬಾಗಿಲಿನಷ್ಟೇ ಎತ್ತರದ ನಿನ್ನ ಫೋಟೊ, ಗಲ್ಲಕ್ಕೆ ಕೈ ಕೊಟ್ಟುಕೊಂಡಿದ್ದೀಯಲ್ಲ, ಅದು. ಕೆಳಗೆ ಹನ್ನೆರಡು ಪುಸ್ತಕಗಳ ರಕ್ಷಾಪುಟ. ಹೊಟ್ಟೆಯಲ್ಲಿ ಸ್ವಲ್ಪ ಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ನಲವತ್ತು ವರ್ಷ ಮಕ್ಕಳಿಗೆ ಹಾಡು ಕಲಿಸಿದವಳ ಫೋಟೊ ಶಾಲೆಯ ಗುಂಪುಚಿತ್ರಗಳಲ್ಲಿ ಬಲತುದಿಗೆ ನಿಂತು ಅರ್ಧ ಕತ್ತರಿಸಿ ಹೋಗಿರುತ್ತದೆ.

ಹಿಂದೆ ಟೈರಿನ ಗೋದಾಮು ಆಗಿದ್ದ ಜಾಗವಂತೆ. ಸದ್ದು ತಿರುಗಿ ಬರಬಾರದೆಂದು ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದಾರೆ. ಆದರೂ ಒಳಗೆ ರಬ್ಬರಿನ ವಾಸನೆ ಹೋಗಿಲ್ಲ. ಮಾವನ ಪಾತ್ರ ಮಾಡುವ ನಟ ಎರಡು ಮೊಳದ ಕಿವಿ ಕಟ್ಟಿಕೊಂಡು ಓಡಾಡುತ್ತಾನೆ. ಮೂತ್ರಕ್ಕೆ ಹೋಗುವಾಗ ಬಾಗಿಲಿಗೆ ಸಿಕ್ಕಿಸಿಕೊಳ್ಳುತ್ತಾನೆ.

ನನಗೆ ಮಕ್ಕಳ ಗುಂಪಿಗೆ ಹಾಡಿಸುವ ಕೆಲಸ. ಹನ್ನೊಂದು ಮಕ್ಕಳು. ಅದರಲ್ಲಿ ಒಬ್ಬಳಿದ್ದಾಳೆ, ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ. ಗಂಟಲು ಮಾತ್ರ ಬೆಳ್ಳಿ. ಬೇರೇನೂ ವಿಶೇಷವಿಲ್ಲ.

ಭಾವನಿಗೆ ನನ್ನ ನಮಸ್ಕಾರ.

ತಂಗಿ


ಫೆಬ್ರವರಿ ೧೮

ಕೂಸೇ,

ಈ ಲಕೋಟೆ ದಪ್ಪಗಿರುವುದು ನೋಡಿ ಗಾಬರಿಯಾಗಬೇಡ. ಆರು ಹಾಡು ಬರೆದು ಕಳಿಸುತ್ತಿದ್ದೇನೆ. ಮಾವನನ್ನು ಹೆತ್ತವಳು ನಾನು, ಅವನ ಬಾಯಿಗೆ ಹಾಡು ಬೇರೆ ಯಾರೋ ಯಾಕೆ ಹಾಕಬೇಕು? ಮೊದಲನೆಯದು ಶುರುವಾಗುವುದು ಹೀಗೆ:

ಶುಭ್ರ ವಸನವೇ ಶುಭ್ರ ಜೀವನ,
ಇಸ್ತ್ರಿಯೇ ಬಾಳಿನ ಪಾಠವು.

ನಿನ್ನ ಭಾವ ಕೇಳಿ ಎರಡು ನಿಮಿಷ ಮಾತೇ ಆಡಲಿಲ್ಲ. ಅಷ್ಟು ಮನಸ್ಸಿಗೆ ತಟ್ಟಿದೆ.

ಇದನ್ನು ನೀನೇ ಕೈಯಾರೆ ನಿರ್ದೇಶಕಿಗೆ ಕೊಡು. ಒಂದಕ್ಷರವೂ ಆಚೀಚೆ ಆಗಬಾರದು. ಕರಾರಿನಲ್ಲೇ ಬರೆಸಿದ್ದೇನೆ, ಕಥೆಯಾಗಲಿ ಹಾಡಾಗಲಿ ನಾನು ಒಪ್ಪದೆ ಸಿನಿಮಾದಲ್ಲಿ ಇರುವಂತಿಲ್ಲ ಎಂದು. ವಕೀಲರು ಅದೇ ಮುಖ್ಯ ಎಂದರು.

ಇಲ್ಲಿ ನನಗೆ ಪುರುಸೊತ್ತೇ ಇಲ್ಲ. ವಾರಕ್ಕೆರಡು ಶಾಲೆ, ಒಂದು ಗ್ರಂಥಾಲಯ. ಹೋದಲ್ಲೆಲ್ಲ ಮಕ್ಕಳು ಕೈಯಲ್ಲಿ ಉದ್ದ ಕಿವಿ ಮಾಡಿಕೊಂಡು ನಿಂತಿರುತ್ತವೆ. ನಿನಗೂ ಇಂಥದ್ದನ್ನು ನೋಡುವ ಯೋಗ ಬರಲಿ.

ಅಕ್ಕ


ಮಾರ್ಚ್ ೨೨

ಅಕ್ಕಾ,

ತಡವಾಯಿತು. ಕೆಮ್ಮು ಹಿಡಿದಿತ್ತು. ಕೆಮ್ಮು ಬಿಟ್ಟ ಮೇಲೆ ಮಂಡಿ ಹಿಡಿಯಿತು. ಮೇಲಿನ ಮನೆಯವರು ನೆಲ ಅಗೆಸುತ್ತಿದ್ದಾರೆ, ಬೆಳಗಿನಿಂದ ಸಂಜೆಯವರೆಗೆ ಡಬಡಬ.

ಹಾಡುಗಳನ್ನು ಕೊಟ್ಟೆ. ಓದಿದರು. ಚೆನ್ನಾಗಿವೆ. ಮಕ್ಕಳ ನಾಲಿಗೆ ಸ್ವಲ್ಪ ತಿರುಗಬೇಕು ಅಷ್ಟೆ, ‘ಶುಭ್ರ’ ಎನ್ನುವಾಗ ಆ ಹಲ್ಲಿಲ್ಲದ ಹುಡುಗಿ ಎದುರಿಗಿದ್ದವರ ಮುಖ ತೊಳೆಸುತ್ತಾಳೆ. ನಿರ್ದೇಶಕಿ ಏನು ಮಾಡುತ್ತಾಳೋ ನೋಡಬೇಕು. ಅವಳೇ ನಿನಗೆ ಬರೆಯುತ್ತೇನೆ ಎಂದಿದ್ದಾಳೆ.

ಮತ್ತೇನು? ಇಲ್ಲಿ ಬಿಸಿಲು ಜೋರು. ನಿನ್ನ ಕಣ್ಣಿನ ಡಾಕ್ಟರು ಏನೆಂದರು?

ತಂಗಿ


ಏಪ್ರಿಲ್ ೧೨

ತಂಗಿಗೆ,

ನಿರ್ದೇಶಕಿ ಬರೆದಳು. ನೀನು ಬರೆಯಬೇಕಾಗಿದ್ದದ್ದನ್ನು ಅವಳು ಬರೆದಳು.

ಸಂಗೀತ ಮಾಡಬೇಕಾಗಿದ್ದವನು ಜನವರಿ ಕೊನೆಯಲ್ಲೇ ಬಿಟ್ಟು ಹೋದನಂತೆ. ಅಲ್ಲೇ ಮೂಲೆಯಲ್ಲಿ ಹಾರ್ಮೋನಿಯಂ ಹಿಡಿದು ಮಕ್ಕಳಿಗೆ ಹಾಡಿಸುತ್ತಿದ್ದವರು ಒಂದು ಟ್ಯೂನ್ ಕೇಳಿಸಿದರಂತೆ. ಎಲ್ಲರೂ ಕೆಲಸ ಬಿಟ್ಟು ನಿಂತರಂತೆ. ಏಳು ಹಾಡೂ ಅವರದೇ ಆಗಿವೆಯಂತೆ, ಪದವೂ ಅವರದೇ, ರಾಗವೂ ಅವರದೇ. “ನಿಮ್ಮ ತಂಗಿಯವರನ್ನು ಕಳಿಸಿಕೊಟ್ಟ ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.” ಇದು ಅವಳ ವಾಕ್ಯ. ನಾನು ಮೂರು ಸಲ ಓದಿದೆ. ನನ್ನ ಆರು ಹಾಡಿನ ಬಗ್ಗೆ ಒಂದೇ ಸಾಲು: “ಗಂಭೀರವಾಗಿವೆ.”

ಕೆಮ್ಮು, ಮಂಡಿ, ಮೇಲಿನ ಮನೆಯ ನೆಲ! ಎರಡು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲೇ.

ಹಾಡುಗಳನ್ನು ಒಪ್ಪಿಗೆಗೆಂದು ಕಳಿಸಿದ್ದಾಳೆ. ಕೇಳಿದೆ. ಆರು ಹೇಗೋ ಇರಲಿ. ಏಳನೆಯದು ಯಾಕೆ? ನುಸಿಗೆ ಹಾಡು ಯಾಕೆ? ನನ್ನ ಹನ್ನೆರಡು ಪುಸ್ತಕದಲ್ಲಿ ನುಸಿಗೆ ಇರುವುದು ಒಂದೇ ಮಾತು, ‘ಒಂದೇ ಒಂದು ಎಳೆ, ಆಮೇಲೆ ಕೇಳಲ್ಲ’ ಎನ್ನುವುದು. ಮಕ್ಕಳು ಅದನ್ನು ಕಂಡರೆ ಛೀ ಎನ್ನಬೇಕು. ನೀನು ಮಾಡಿದ್ದೇನು?

ಒಳಗೆ ದೀಪ, ಒಳಗೆ ನಗು,
ಬಾಗಿಲ ಸಂದಿಲಿ ನಾನು;
ಒಂದೇ ಒಂದು ಎಳೆ ಸಾಕಪ್ಪ,
ಬೆಚ್ಚಗಿರ್ತೀನಿ ನಾನೂ.

ಕಳ್ಳಿಯನ್ನು ತಂದು ಸಿಂಹಾಸನದ ಮೇಲೆ ಕೂರಿಸಿದೆ. ಇದನ್ನು ಕೇಳಿದ ಯಾವ ಮಗು ಇನ್ನು ಕೊನೆಯ ಪುಟದಲ್ಲಿ ಬ್ರಷ್ ಏಟಿಗೆ ಕಾಯುತ್ತದೆ? ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ನಿನ್ನ ಭಾವ ಬೆಳಿಗ್ಗೆ ಗಡ್ಡ ಹೆರೆಯುವಾಗ ಅದನ್ನೇ ಗುನುಗುತ್ತಿದ್ದರು. ಎರಡು ದಿನದಿಂದ ಅವರ ಹತ್ತಿರವೂ ಮಾತು ಬಿಟ್ಟಿದ್ದೇನೆ.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ನಿನ್ನ ಕಾಗದ ಈಗಷ್ಟೇ ಬಂತು. ತಣ್ಣಗಾಗಲಿ ಎಂದು ಕಾದರೆ ಬರೆಯುವುದೇ ಇಲ್ಲ, ಅದಕ್ಕೆ ಬಿಸಿಯಲ್ಲೇ ಬರೆಯುತ್ತಿದ್ದೇನೆ.

ಮುಚ್ಚಿಟ್ಟದ್ದು ತಪ್ಪು. ಮೊದಲ ಟ್ಯೂನು ಒಪ್ಪಿಗೆಯಾದ ದಿನವೇ ನಿನಗೆ ಬರೆಯಲು ಕೂತೆ. ‘ಅಕ್ಕಾ’ ಎಂದು ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಬರೆದರೆ ನೀನು, ‘ನಾನೇ ಕಳಿಸಿದ್ದಲ್ಲವೇ’ ಎನ್ನುತ್ತಿದ್ದೆ. ನಾಲ್ಕು ದಿನವಾದರೂ ಅದು ನನ್ನದೊಬ್ಬಳದೇ ಆಗಿರಲಿ ಎನಿಸಿತು. ನಾಲ್ಕು ದಿನ ಎರಡು ತಿಂಗಳಾಯಿತು.

ಆದರೆ ನುಸಿಗೆ ಹಾಡು ಯಾಕೆ ಎಂದು ನೀನು ನನ್ನನ್ನು ಕೇಳುತ್ತೀಯ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ನೀನು ನಗಬಹುದು. ನಗು. ಎರಡನೇ ಪುಸ್ತಕ ಬಂದಾಗ ನನಗೆ ಮೂವತ್ತೊಂದು. ಬಸ್ಸಿನಲ್ಲಿ ಕೂತು ಓದಿದೆ. ನುಸಿಯ ಮುಂದಿನ ಹಲ್ಲು ಮುರಿದಿತ್ತು, ಎಡಗಡೆಯದು. ನನ್ನದೂ ಎಡಗಡೆಯದೇ. ನುಸಿ ತಲೆ ಓರೆ ಮಾಡಿ ‘ಒಂದೇ ಒಂದು ಎಳೆ, ಆಮೇಲೆ ಕೇಳಲ್ಲ’ ಎನ್ನುತ್ತಿತ್ತು. ನಾನು ದಿನವೂ ತರಗತಿಯಲ್ಲಿ ಹೇಳುತ್ತಿದ್ದದ್ದು ಏನು ಗೊತ್ತೇ? ‘ಒಂದೇ ಒಂದು ಸಲ ಹಾಡಿ, ಆಮೇಲೆ ಕೇಳಲ್ಲ.’ ಮಕ್ಕಳು ದಡ್ಡರಲ್ಲ ಅಕ್ಕಾ. ನಿನ್ನ ಪುಸ್ತಕ ಶಾಲೆಗೆ ಬಂದ ವರ್ಷದಿಂದ ನನ್ನ ಹೆಸರು ನುಸಿ ಟೀಚರ್. ನಾನು ನಿವೃತ್ತಳಾಗುವ ದಿನ ಕಪ್ಪು ಹಲಗೆಯ ಮೇಲೆ ರೆಕ್ಕೆ ಬಿಡಿಸಿ ‘ಹೋಗಿ ಬನ್ನಿ ನುಸಿ ಟೀಚರ್’ ಎಂದು ಬರೆದಿದ್ದರು, ಪ್ರೀತಿಯಿಂದಲೇ.

ನಿನಗೆ ಒಂದು ದಿನವೂ ಹೇಳಲಿಲ್ಲ. ಪ್ರತಿ ಪುಸ್ತಕ ಬಂದಾಗಲೂ ‘ಚೆನ್ನಾಗಿದೆ’ ಎಂದು ಬರೆದೆ. ಹನ್ನೆರಡು ಸಲ ಬ್ರಷ್ಷಿನಲ್ಲಿ ಏಟು ತಿಂದವಳು ಒಂದು ಸಲ ಹಾಡಬಾರದೇ?

ಒಂದೇ ಒಂದು ಕೇಳುತ್ತೇನೆ. ನಾನು ನಿನ್ನದೇನು ತಿಂದೆ?

ತಂಗಿ


ಮೇ ೩

ತಂಗಿಗೆ,

ನುಸಿ ಎಂದರೆ ನುಸಿ. ಬಟ್ಟೆ ಇದ್ದಲ್ಲಿ ನುಸಿ ಇರುತ್ತದೆ. ಅದರ ಹಲ್ಲು ಮುರಿದದ್ದು ಚಿತ್ರ ಬರೆದವರ ಕೈಚಳಕ.

ಏನು ತಿಂದೆ ಎಂದು ಕೇಳಿದ್ದೀಯ, ಅದಕ್ಕೆ ಬೇಕಾದರೆ ಉತ್ತರವಿದೆ. ಹನ್ನೊಂದನೇ ವಯಸ್ಸಿನಿಂದ ಇಪ್ಪತ್ತರವರೆಗೆ, ಶಾಲೆಯಿಂದ ಬಂದ ಕ್ಷಣದಿಂದ, ಆ ಮೇಜಿನ ಮುಂದೆ ನಿಂತವಳು ನಾನು. ನನ್ನ ಬಲಗೈ ಮಣಿಕಟ್ಟಿನ ಮೇಲಿನ ಕಲೆ ನೀನು ನೋಡಿದ್ದೀಯ. ನಿನಗೆ ಹತ್ತಾಯಿತು, ಹನ್ನೊಂದಾಯಿತು, ಹದಿಮೂರಾಯಿತು. ಒಂದು ಕರವಸ್ತ್ರಕ್ಕೂ ನಿನ್ನ ಕೈಯಿಂದ ಇಸ್ತ್ರಿ ಹಾಕಿಸಲಿಲ್ಲ. “ಮಗೂ ಬೆರಳಿಗೆ ಬಿಸಿ ತಾಗಬಾರ್ದು, ಅವಳು ಹಾರ್ಮೋನಿಯಂ ನುಡಿಸಬೇಕು” ಎನ್ನುತ್ತಿದ್ದಳು ಅಮ್ಮ. ನನ್ನ ಬೆರಳು ಏನು ಮಾಡಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಅಮ್ಮ ನಿನ್ನನ್ನು ಒಳಕೋಣೆಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆ ಒಂಬತ್ತು ವರ್ಷದಲ್ಲಿ ಸಂಜೆಯ ಅಮ್ಮ ಹೇಗಿರುತ್ತಿದ್ದಳು ಎಂದು ನನಗೆ ಗೊತ್ತೇ ಇಲ್ಲ.

ಈಗ ಆ ಬೆರಳು ನನ್ನ ಪುಸ್ತಕದ ಮೇಲೂ ಆಡುತ್ತಿದೆ.

ನಾನು ಮಾಡಬೇಕಾದ್ದನ್ನು ಮಾಡಿದ್ದೇನೆ. ಇನ್ನು ಈ ವಿಷಯದಲ್ಲಿ ಬರೆಯುವುದು ಬೇಡ.

ಅಕ್ಕ


ಜೂನ್ ೯

ಅಕ್ಕಾ,

ನೀನು ಮಾಡಬೇಕಾದ್ದು ಏನೆಂದು ಹೋದ ಸೋಮವಾರ ಗೊತ್ತಾಯಿತು. ನಿರ್ದೇಶಕಿ ಎಲ್ಲರನ್ನೂ ಕೂರಿಸಿ ಹೇಳಿದಳು. “ನುಸಿ ಹಾಡು ತೆಗೀಬೇಕಾಗಿದೆ. ಪುಸ್ತಕ ಬರೆದವರ ಒಪ್ಪಿಗೆ ಇಲ್ಲ. ಕರಾರಲ್ಲಿ ಹಾಗಿದೆ.” ಅಷ್ಟರಲ್ಲಿ ಆ ಹಾಡಿನ ಚಿತ್ರೀಕರಣ ಮುಗಿದಿತ್ತು. ನಾಲ್ಕು ದಿನ ಹಿಡಿದಿತ್ತು ಅದಕ್ಕೆ.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಟೀಚರ್, ನಿಮ್ಮಕ್ಕಂಗೂ ನಿಮಗೂ ಏನಾದ್ರೂ ಮನಸ್ತಾಪನಾ?” ಎಂದಳು. “ಛೆ, ಎಲ್ಲಾದ್ರೂ ಉಂಟಾ? ಅವಳಿಗೆ ಪುಸ್ತಕದ ಮೇಲೆ ಜೀವ, ಅಷ್ಟೆ” ಎಂದೆ. ನಿನ್ನ ಮಾನ ಉಳಿಸಲು ಹೇಳಿದೆನೋ ನನ್ನದನ್ನೋ ಗೊತ್ತಿಲ್ಲ.

ನುಸಿಯಾಗಿ ಹಾಡಿದ್ದವಳು ಆ ಹಲ್ಲಿಲ್ಲದ ಹುಡುಗಿ. ಈಗ ಒಂದು ಹಲ್ಲು ಮೊಳೆತಿದೆ. ಎಲ್ಲ ಹೋದ ಮೇಲೆ ನನ್ನ ಹತ್ತಿರ ಬಂದು, “ನಾನು ತಪ್ಪು ಹಾಡಿದ್ನಾ ಟೀಚರ್?” ಎಂದಳು. ಇಲ್ಲಮ್ಮ ಎಂದೆ. “ಮತ್ತೆ ಯಾಕೆ ಬೇಡ ಅಂದ್ರು? ನಂಗೆ ನಿಜ ಹೇಳಿ, ನಾನು ಅಳಲ್ಲ” ಎಂದಳು. ಆಗಲೇ ಅಳುತ್ತಿದ್ದಳು. ಅವಳಿಗೆ ಏನು ಹೇಳಬೇಕಿತ್ತು, ನೀನೇ ಹೇಳು. ನಮ್ಮಪ್ಪನ ಇಸ್ತ್ರಿ ಮೇಜಿನ ಕಥೆಯನ್ನೇ?

ಆ ಮೇಜಿನ ವಿಷಯ ತೆಗೆದವಳು ನೀನು. ನಾನೂ ಒಂದು ಹೇಳುತ್ತೇನೆ, ಇದುವರೆಗೆ ಹೇಳಿಲ್ಲ. ನೀನು ಬಾಗಿಲ ಆ ಕಡೆ ನಿಂತು ಅಮ್ಮನನ್ನು ನೆನೆದೆ. ನಾನು ಈ ಕಡೆ ಕೂತು ಸ್ವರ ಹೇಳುತ್ತಾ ಕಿವಿಯನ್ನೆಲ್ಲ ಆ ಕಡೆಗೇ ಇಟ್ಟಿದ್ದೆ. ಅಪ್ಪ ಗಿರಾಕಿಗಳ ಜೇಬು ತಡಕಿ, ಸಿಕ್ಕ ಗುಂಡಿಯನ್ನೋ ಟಿಕೇಟನ್ನೋ ಹಿಡಿದು, ನಿನಗೆ ಕಥೆ ಕಟ್ಟಿ ಹೇಳುತ್ತಿದ್ದ. ಮಾತು ನನಗೆ ಕೇಳಿಸುತ್ತಿರಲಿಲ್ಲ. ನಿಮ್ಮಿಬ್ಬರ ನಗು ಮಾತ್ರ ಕೇಳಿಸುತ್ತಿತ್ತು. ನಾನು ಓಡಿ ಹೊರಗೆ ಬಂದರೆ ಅಪ್ಪ ಕಥೆ ನಿಲ್ಲಿಸಿ, “ಬಂದ್ಯಾ ಮರಿ, ಪಾಠ ಮುಗೀತಾ?” ಎನ್ನುತ್ತಿದ್ದ. ಅಷ್ಟೇ. ನನ್ನೊಂದಿಗೆ ಅಪ್ಪನಿಗೆ ಬೇರೆ ಮಾತೇ ಇರಲಿಲ್ಲ.

ಅಪ್ಪ ಎಂಥವನು ಎಂದು ನನಗೆ ತಿಳಿದದ್ದು ನಿನ್ನ ಪುಸ್ತಕ ಓದಿ. ಅಷ್ಟು ತಮಾಷೆಯವನು, ಅಷ್ಟು ಹೆದರುಪುಕ್ಕಲ, ಬೇರೆಯವರ ಒಂದು ಗುಂಡಿ ವಾಪಸ್ ಕೊಡಲು ಊರೆಲ್ಲ ಸುತ್ತುವವನು. ಮಾವ ಹೆಜ್ಜೆ ಎತ್ತಿದಲ್ಲೆಲ್ಲ ಅಪ್ಪ ಕಾಣುತ್ತಿದ್ದ. ಒಂದೊಂದು ಪುಸ್ತಕ ಮುಗಿಸಿದಾಗಲೂ ಅತ್ತಿದ್ದೇನೆ, ನುಸಿಗೆ ಬಿದ್ದ ಏಟಿಗಲ್ಲ.

ಇನ್ನು ನನಗೆ ಹೇಳುವುದಕ್ಕೇನೂ ಇಲ್ಲ.

ತಂಗಿ


ಜುಲೈ ೨೧

ತಂಗಿ,

ಆರು ವಾರ ನಿನ್ನ ಕಾಗದ ಮೇಜಿನ ಖಾನೆಯಲ್ಲಿತ್ತು. ದಿನಕ್ಕೊಂದು ಸಲ ತೆಗೆದು ಓದಿ ಮತ್ತೆ ಇಡುತ್ತಿದ್ದೆ. ಕೊನೆಗೆ ನಿನ್ನ ಭಾವ, “ಆ ಕಾಗದ ಹರಿದುಹೋಗೋ ಮುಂಚೆ ಏನಾದ್ರೂ ಮಾಡು ಮಾರಾಯ್ತಿ” ಎಂದರು.

ಹದಿನೈದರಂದು ಬೆಳಗಿನ ರೈಲಿಗೆ ಹೊರಟು ನಿನ್ನ ಊರಿಗೆ ಬಂದೆ. ಆ ಗೋದಾಮಿಗೇ ಹೋದೆ. ನನ್ನ ಫೋಟೊವನ್ನು ನಾನೇ ದಾಟಿಕೊಂಡು ಒಳಗೆ ಹೋಗುವಾಗ ನಾಚಿಕೆಯಾಯಿತು. ನೀನು ಅಂದು ಬಂದಿರಲಿಲ್ಲ, ಅದನ್ನು ಕೇಳಿಕೊಂಡೇ ಹೋಗಿದ್ದೆ.

“ನುಸಿ ಹಾಡು ವಾಪಸ್ ಹಾಕಿ” ಎಂದೆ.

“ನೀವೇ ತಾನೇ ಬೇಡ ಅಂದಿದ್ದು ಅಮ್ಮ?”

“ಹೌದು.”

“ಯಾಕೆ ಬೇಡ ಅಂದ್ರಿ?”

ಕಥೆಯ ಓಟ ಕೆಡುತ್ತದೆ, ಮೂಲಕ್ಕೆ ನಿಷ್ಠೆ, ಎಂದೆಲ್ಲ ರೈಲಿನಲ್ಲಿ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಒಂದೇ. “ಹೊಟ್ಟೆಕಿಚ್ಚಿಗೆ.”

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ. “ನಮ್ಮಕ್ಕ ಡಾಕ್ಟರು” ಎಂದಳು. “ಮನೇಲಿ ಯಾರಿಗೆ ನೆಗಡಿ ಆದ್ರೂ ಅವಳದೇ ಹೆಸರು. ನಾನು ಸಿನಿಮಾಗೆ ಯಾಕೆ ಬಂದೆ ಅಂದ್ಕೊಂಡಿದೀರಿ?” ಆಮೇಲೆ ಇಬ್ಬರೂ ಚಹಾ ಕುಡಿದೆವು.

ಆದರೆ ಪೂರ್ತಿ ಆಗುವುದಿಲ್ಲವಂತೆ. ಸಿನಿಮಾದ ಜೋಡಣೆ, ಶಬ್ದ ಎಲ್ಲ ಮುಗಿದಿದೆ. ಹಾಡನ್ನು ಕತ್ತರಿಸಿದ್ದಳೇ ಹೊರತು ಎಸೆದಿರಲಿಲ್ಲ. ಎಷ್ಟು ಎಳೆದಾಡಿದರೂ ಮೊದಲ ಚರಣಕ್ಕೆ ಮಾತ್ರ ಜಾಗ, ಎರಡನೆಯದು ಹೋಯಿತು. ನಾನು ಕಾಗದ ಹಾಕಿ ಒಂದು ನಿಮಿಷದಲ್ಲಿ ಕೆಡಿಸಿದ್ದನ್ನು ರೈಲು ಹತ್ತಿ ಹೋಗಿ ಬೇಡಿಕೊಂಡರೂ ಅರ್ಧವೇ ಸಿಕ್ಕಿತು.

ಆ ಹುಡುಗಿಗೆ ನೀನೇ ಹೇಳು, ಅವಳು ತಪ್ಪು ಹಾಡಲಿಲ್ಲ, ತಪ್ಪು ಬೇರೆಯವರದು ಎಂದು. ಯಾರದು ಎಂದೂ ಹೇಳು.

ನಿನ್ನ ಮನೆಯ ಬೀದಿಗೂ ಬಂದಿದ್ದೆ. ಮೂರನೇ ಮಹಡಿ, ಹಸಿರು ಕಿಟಕಿ. ಕೆಳಗೆ ನಿಂತು ನೋಡಿದೆ. ಮೆಟ್ಟಿಲು ಹತ್ತಲು ಕಾಲು ಬರಲಿಲ್ಲ. ಮಂಡಿ ನೋವು ಎಂದು ಬರೆಯಬಹುದಿತ್ತು. ಮಂಡಿಯದಲ್ಲ.

ನುಸಿ ನೀನೇ. ಮೂವತ್ತು ವರ್ಷ ಗೊತ್ತಿದ್ದೂ ಇಲ್ಲ ಎಂದೆ.

ಅಕ್ಕ


ಆಗಸ್ಟ್ ೪

ಅಕ್ಕಾ,

ಬೀದಿಯವರೆಗೆ ಬಂದು ಹೋದದ್ದಕ್ಕೆ ನಾನು ಸಿಟ್ಟಾಗಬೇಕೋ ಬೇಡವೋ ತಿಳಿಯುತ್ತಿಲ್ಲ. ಅಂದು ನಾನು ಮನೆಯಲ್ಲೇ ಇದ್ದೆ. ಬಟ್ಟೆ ಒಣಹಾಕುತ್ತಿದ್ದೆ. ತಲೆ ಎತ್ತಿ ಕೂಗಿದ್ದರೆ ಕೇಳಿಸುತ್ತಿತ್ತು.

ಹುಡುಗಿಗೆ ಹೇಳಿದೆ. “ಯಾರ ತಪ್ಪು?” ಎಂದಳು. “ನಮ್ಮಕ್ಕಂದು” ಎಂದೆ. “ನಮ್ಮಕ್ಕನೂ ಹಂಗೇ” ಎಂದು ಆಡಲು ಓಡಿದಳು.

ಒಂದು ಚರಣ ಬಂತು, ಸಂತೋಷ. ಎರಡನೇ ಚರಣದಲ್ಲಿ ನುಸಿ ತಾನು ತಿಂದ ಬಟ್ಟೆಗೆಲ್ಲ ಕ್ಷಮೆ ಕೇಳುತ್ತಿತ್ತು. ಅದು ಹೋಯಿತು. ಹೋದದ್ದೇ ಒಳ್ಳೆಯದಾಯಿತೇನೋ ಎಂದು ಒಂದು ಮನಸ್ಸು ಹೇಳುತ್ತದೆ. ಆ ಮನಸ್ಸು ಒಳ್ಳೆಯದಲ್ಲ.

ಸಿನಿಮಾ ಅಕ್ಟೋಬರಿನಲ್ಲಿ. ಮೊದಲ ದಿನ ಇಲ್ಲಿಗೆ ಬಂದು ಜೊತೆಗೆ ನೋಡು ಎಂದು ಕರೆಯಲು ಇನ್ನೂ ಆಗುತ್ತಿಲ್ಲ. ನೀನು ಅಲ್ಲೇ ನೋಡು, ನಾನು ಇಲ್ಲೇ ನೋಡುತ್ತೇನೆ.

ತಂಗಿ


ಅಕ್ಟೋಬರ್ ೧೪

ಕೂಸೇ,

ನೋಡಿದೆ. ನಿನ್ನ ಭಾವ ಮೂರನೇ ಸಾಲಿನ ಟಿಕೇಟು ತಂದಿದ್ದರು, ಕತ್ತು ನೋಯುವವರೆಗೆ ತಲೆ ಎತ್ತಿ ನೋಡಿದೆ. ಹಾಲ್ ತುಂಬ ಮಕ್ಕಳು. ಮಾವ ಬಂದಾಗ ಕುರ್ಚಿಯ ಮೇಲೆ ಹತ್ತಿ ಕುಣಿದವು. ನನ್ನ ಎದೆ ಇಷ್ಟಗಲ ಆಯಿತು.

ಆಮೇಲೆ ನುಸಿ ಬಾಗಿಲ ಸಂದಿಗೆ ಬಂದು ಕೂತಿತು. ಪಕ್ಕದ ಮಗು ಪೊಟ್ಟಣಕ್ಕೆ ಹಾಕಿದ ಕೈ ಹೊರಗೇ ತೆಗೆಯಲಿಲ್ಲ. ಒಂದು ಚರಣ, ಒಂದೇ ಒಂದು ನಿಮಿಷ. ಕೊನೆಯಲ್ಲಿ ಮಾವ ಬ್ರಷ್ ಎತ್ತಿದಾಗ ಹಿಂದಿನಿಂದ ಯಾರೋ “ಬೇಡ!” ಎಂದು ಕೂಗಿದರು. ಇಡೀ ಹಾಲ್ “ಬೇಡ ಬೇಡ” ಎಂದಿತು. ನನ್ನ ಪುಸ್ತಕದ ಮಕ್ಕಳು ನನ್ನ ವಿರುದ್ಧವೇ ಎದ್ದು ನಿಂತವು.

ಹೊರಗೆ ಬಂದಾಗ ಒಂದು ಹುಡುಗಿ ಹಸ್ತಾಕ್ಷರ ಕೇಳಿತು. “ನುಸಿ ಹಾಡು ಬರೆದಿದ್ದು ನೀವಾ?” ಎಂದಿತು. ನನ್ನ ತಂಗಿ ಎನ್ನಬೇಕಿತ್ತು. “ಹ್ಞೂಂ” ಎಂದು ರುಜು ಹಾಕಿದೆ. ನಿನ್ನ ಭಾವ ನನ್ನನ್ನೇ ನೋಡಿದರು. ಅರವತ್ತೇಳಕ್ಕೆ ಬಿದ್ದರೂ ಇದು ಹೋಗಿಲ್ಲ ನೋಡು. ಹೋಗುವುದೂ ಇಲ್ಲ ಎಂದು ಕಾಣುತ್ತದೆ. ಅದನ್ನು ನಿನಗೆ ಬರೆಯುವಷ್ಟಾದರೂ ಆಗಿದ್ದೇನೆ.

ಪ್ರಕಾಶಕರು ಹದಿಮೂರನೇ ಪುಸ್ತಕ ಕೇಳುತ್ತಿದ್ದಾರೆ. ನುಸಿಯದೇ ಕಥೆ ಬೇಕಂತೆ. ಹತ್ತು ದಿನದಿಂದ ಕೂತಿದ್ದೇನೆ, ಒಂದು ಪುಟವೂ ಆಗಿಲ್ಲ. ನುಸಿ ಬಾಗಿಲ ಈ ಕಡೆ ಏನು ಮಾಡುತ್ತದೆ ಎಂದು ನನಗೆ ಗೊತ್ತು. ಬಾಗಿಲ ಆ ಕಡೆ ನಾನು ಹೋದವಳೇ ಅಲ್ಲ. ಅಪ್ಪನ ಬಗ್ಗೆ ಹನ್ನೆರಡು ಪುಸ್ತಕ ಬರೆದೆ. ಅಮ್ಮನ ಬಗ್ಗೆ ಒಂದು ಸಾಲೂ ಬರೆದಿಲ್ಲ, ಬರೆಯಲು ನನ್ನ ಹತ್ತಿರ ಏನೂ ಇಲ್ಲ.

ಒಳಕೋಣೆಯಲ್ಲಿ ಸಂಜೆ ಅಮ್ಮ ಏನು ಮಾಡುತ್ತಿದ್ದಳು? ಏನು ಮಾತಾಡುತ್ತಿದ್ದಳು? ಹೇಳುತ್ತೀಯಾ?

ಅಕ್ಕ


ಅಕ್ಟೋಬರ್ ೨೩

ಅಕ್ಕಾ,

ಆ ಹುಡುಗಿಗೆ ಸುಳ್ಳು ರುಜು ಹಾಕಿದ್ದು ಕೇಳಿ ಮೊದಲು ಮೈ ಉರಿಯಿತು. ಆಮೇಲೆ ಒಬ್ಬಳೇ ನಕ್ಕೆ. ಇಲ್ಲಿ ಒಬ್ಬ ಹೆಂಗಸು ನನ್ನನ್ನು ಹಿಡಿದು, “ಗರಿಗರಿ ಮಾವ ನಿಮ್ಮ ಕಥೆನಾ?” ಎಂದಾಗ ನಾನೂ ತಲೆ ಅಲ್ಲಾಡಿಸಿದ್ದೆ. ನಿನಗೆ ಬರೆಯಬಾರದೆಂದುಕೊಂಡಿದ್ದೆ.

ಅಮ್ಮನ ವಿಷಯ ಕೇಳಿದ್ದೀಯ.

ನಮ್ಮ ಮನೆಯಲ್ಲಿ ತಾಳ ಹಾಕಲು ಏನೂ ಇರಲಿಲ್ಲ. ಅಮ್ಮನ ಕೈಯಲ್ಲಿ ಯಾವಾಗಲೂ ಗುಂಡಿ ಹೊಲಿಯುವ ಕೆಲಸ ಇರುತ್ತಿತ್ತು. ಪಾಠ ಶುರುವಾಗುವ ಮೊದಲು, “ಅಕ್ಕನ್ನ ಕೇಳಿಸ್ಕೋ” ಎನ್ನುತ್ತಿದ್ದಳು. ನೀನು ಮೇಜಿನ ಮೇಲೆ ಇಸ್ತ್ರಿ ಎತ್ತಿ ಇಡುತ್ತಿದ್ದೆಯಲ್ಲ, ಆ ಸದ್ದು ಗೋಡೆ ದಾಟಿ ಬರುತ್ತಿತ್ತು. ಒಂದು ಸಲ ಕೂಡ ಹಿಂದುಮುಂದಾಗುತ್ತಿರಲಿಲ್ಲ. ನಾನು ಹಾಡು ಕಲಿತದ್ದು ಆ ತಾಳಕ್ಕೆ. ನೀನು ಸೀರೆ ಹಿಡಿದ ದಿನ ನನಗೆ ನಿಧಾನದ ಪಾಠ, ಕರವಸ್ತ್ರದ ದಿನ ದುಡುದುಡು ಓಟ.

ಕೆಲವು ಸಲ ಸದ್ದು ನಿಲ್ಲುತ್ತಿತ್ತು. ಅಮ್ಮ ಸೂಜಿ ಹಿಡಿದ ಕೈ ಹಾಗೇ ಎತ್ತಿಕೊಂಡು ಗೋಡೆಯನ್ನೇ ನೋಡುತ್ತಿದ್ದಳು. ನಾನು ಹಾಡಲು ಹೋದರೆ, “ತಡಿ. ದೊಡ್ಡವಳಿಗೆ ದಣಿವಾಗಿದೆ. ಅವಳು ಶುರು ಮಾಡಿದ ಮೇಲೆ ನಾವೂ ಶುರು ಮಾಡೋಣ” ಎನ್ನುತ್ತಿದ್ದಳು. ನಾವಿಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು. ಎಷ್ಟೋ ಸಂಜೆ ಪಾಠಕ್ಕಿಂತ ಆ ಕಾಯುವುದೇ ಹೆಚ್ಚು. ಆಗ ಅಮ್ಮ ಒಂದು ದಿನವೂ ನನ್ನ ಮುಖ ನೋಡಲಿಲ್ಲ.

ಇದನ್ನು ನಿನಗೆ ಅಮ್ಮ ಹೋದ ದಿನವೇ ಹೇಳಬಹುದಿತ್ತು. ನೀನು ಮೂಲೆಯಲ್ಲಿ ಕೂತು, “ಅವಳಿಗೆ ನಾನು ಕಾಣಿಸಲೇ ಇಲ್ಲ” ಎಂದು ಅಳುತ್ತಿದ್ದೆ. ನಾನು ಪಕ್ಕದಲ್ಲೇ ಇದ್ದೆ. ಹೇಳಲಿಲ್ಲ ಅಕ್ಕಾ. ಅಪ್ಪ ಪೂರ್ತಿ ನಿನ್ನವನಾಗಿದ್ದ, ಅಮ್ಮನಾದರೂ ಪೂರ್ತಿ ನನಗೇ ಇರಲಿ ಎನಿಸಿತು.

ಈಗ ಹೇಳಿದ್ದೇನೆ. ಬರೆದುಕೋ.

ನಿನ್ನ ತಂಗಿ